ರನ್‌ಲೆವೆಲ್ ರಾಯರು

ನಮ್ಮ ಬೀದಿಯಲ್ಲಿ ಮೂವರು ರಾಯರಿದ್ದಾರೆ: ಮೂಲೆಮನೆ ರಾಯರು, ವಿಮೆ ರಾಯರು ಮತ್ತು ರನ್‌ಲೆವೆಲ್ ರಾಯರು. ಮೊದಲನೆಯವರಿಗೆ ಹೆಸರು ಬಂದದ್ದು ಸೈಟಿನಿಂದ, ಎರಡನೆಯವರಿಗೆ ಕಸುಬಿನಿಂದ. ಮೂರನೆಯವರ ನಾಮಕರಣ ಆದದ್ದು 2009ರ ಒಂದು ಶನಿವಾರ, ನಮ್ಮ ನಡುಮನೆಯಲ್ಲಿ. ಅದಕ್ಕೆ ನಾನು, ನನ್ನ ಹೆಂಡತಿ, ಮಹಡಿ ಮನೆಯ ಹುಡುಗ ಮತ್ತು ಅರ್ಧಕ್ಕೆ ನಿಂತ ಒಂದು ಗೃಹಪ್ರವೇಶದ ಆಹ್ವಾನಪತ್ರಿಕೆ ಸಾಕ್ಷಿ.

ರಾಯರು ನಿವೃತ್ತ ಎಂಜಿನಿಯರು. ಮಾಸಲು ಬಣ್ಣದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೆನ್ನು, ಪೆನ್ನಿನ ಪಕ್ಕ ಪುಟ್ಟ ಸ್ಕ್ರೂಡ್ರೈವರು. ಹೆಗಲಿಗೆ ಒಂದು ಬಟ್ಟೆ ಚೀಲ. ಬೆಂಗಳೂರಿನಲ್ಲಿ 2001ರಿಂದ ವರ್ಷವರ್ಷ ನಡೆಯುತ್ತಿದ್ದ ಲಿನಕ್ಸ್ ಸಮ್ಮೇಳನದಲ್ಲಿ ಸಿಕ್ಕಿದ್ದಂತೆ. ಆ ಸಮ್ಮೇಳನವೇ 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡಿತು. ರಾಯರು ಚೀಲ ಬದಲಿಸಲಿಲ್ಲ. ಅದರೊಳಗೆ ಸದಾ ಐದಾರು ಲಿನಕ್ಸ್ ಸೀಡಿ. ಬೇರೆಯವರು ಯಾರದಾದರೂ ಮನೆಗೆ ಹೋಗುವಾಗ ಬಾಳೆಹಣ್ಣು ಒಯ್ದರೆ ರಾಯರು ಸೀಡಿ ಒಯ್ಯುತ್ತಿದ್ದರು. ‘ವಿಂಡೋಸ್‌ಗೆ ಲೈಸೆನ್ಸ್ ಇದೆಯಾ?’ ಎಂಬುದು ಅವರ ಕುಶಲಪ್ರಶ್ನೆ. ಇಲ್ಲ ಎಂದರೆ ಸಾಕು, ಕಾಫಿ ಬರುವಷ್ಟರಲ್ಲಿ ಆ ಮನೆಯ ಕಂಪ್ಯೂಟರಿಗೆ ಮತಾಂತರ ಆಗಿರುತ್ತಿತ್ತು.

ನಮ್ಮದೂ ಹೀಗೆಯೇ ಮತಾಂತರಗೊಂಡ ಯಂತ್ರ. ಸುಳ್ಳು ಹೇಳಬಾರದು, ಅದರಿಂದ ನಮಗೇನೂ ನಷ್ಟವಾಗಲಿಲ್ಲ. ವೈರಸ್ ಕಾಟ ತಪ್ಪಿತು. ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಕಲಿತಿದ್ದ ನನ್ನ ಹೆಂಡತಿಗೆ, ಕೆ.ಪಿ. ರಾವ್ ಅವರ ಅದೇ ಕೀಲಿಮಣೆ ವಿನ್ಯಾಸವನ್ನು ಲಿನಕ್ಸಿನಲ್ಲೂ ರಾಯರು ಕೂರಿಸಿಕೊಟ್ಟಿದ್ದರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದು ಎರಡು ಲೋಟ ಕಾಫಿ, ಮತ್ತು ಬೇಕೆಂದಾಗ ಬಂದು ಅದನ್ನು ಮುಟ್ಟುವ ಹಕ್ಕು.

ಆ ಹಕ್ಕೇ ನಮಗೆ ದುಬಾರಿಯಾದದ್ದು. ಈ ಜಾತಿಯ ಮನುಷ್ಯರನ್ನು ನೀವೂ ಕಂಡಿರುತ್ತೀರಿ. ಕೆಟ್ಟದ್ದನ್ನು ರಿಪೇರಿ ಮಾಡುವುದು ಇವರಿಗೆ ಬರೀ ಕೆಲಸ. ಸರಿಯಾಗಿರುವುದನ್ನು ರಿಪೇರಿ ಮಾಡುವುದೇ ಸುಖ.

ಆ ಶನಿವಾರ ನನ್ನ ಹೆಂಡತಿ ತನ್ನ ತಮ್ಮನ ಗೃಹಪ್ರವೇಶದ ಪತ್ರಿಕೆ ಟೈಪು ಮಾಡುತ್ತಿದ್ದಳು. ಸಂಜೆ ಐದಕ್ಕೆ ಪ್ರೆಸ್ಸಿಗೆ ಕೊಡಬೇಕು. ಕುಲದೇವರ ಹೆಸರಿನಿಂದ ಹಿಡಿದು ತಿಥಿ, ವಾರ, ನಕ್ಷತ್ರ, ಲಗ್ನ ಎಲ್ಲ ಮುಗಿದು ‘ಆಗಮನಾಭಿಲಾಷಿಗಳು’ ಎಂಬಲ್ಲಿಗೆ ಬಂದಿತ್ತು. ಅಷ್ಟರಲ್ಲಿ ರಾಯರು ಚಪ್ಪಲಿ ಬಿಟ್ಟು ಒಳಗೆ ಬಂದರು.

‘ಏನಮ್ಮಾ ಇದು, ಕೆಸರಿಂದ ಎಮ್ಮೆ ಏಳೋ ಹಾಗೆ ಅಕ್ಷರ ಏಳ್ತಿದೆ!’

‘ಬರ್ತಾ ಇದೆಯಲ್ಲ ರಾಯರೇ, ಸಾಕು ಬಿಡಿ. ಇನ್ನೆರಡು ಸಾಲು...’

‘512 ಎಂಬಿ ಮೆಮೊರಿ. ಅದರಲ್ಲಿ ಅರ್ಧ ಬಿಟ್ಟಿ ಕೂಳಿನವರ ಪಾಲು. ಹಿಂದೆ ಎಷ್ಟು ಸೇವಕರು ಸುಮ್ಮನೆ ಕೂತಿದಾರೆ ಗೊತ್ತಾ? ಬ್ಲೂಟೂತ್ ಯಾಕೆ? ನಿಮ್ಮ ಹತ್ರ ಬ್ಲೂಟೂತ್ ಇದೆಯಾ? ಏಳಿ, ಎರಡೇ ನಿಮಿಷ.’

‘ಎರಡೇ ನಿಮಿಷ’ ಎಂದರೆ ಎಷ್ಟು ಹೊತ್ತು ಎಂಬುದು ನೀರಿನ ಟ್ಯಾಂಕರಿನವನಿಗೆ ಮತ್ತು ರಾಯರಿಗೆ ಮಾತ್ರ ಗೊತ್ತು. ಅವಳು ಎದ್ದು ಕಾಫಿಗೆ ನೀರಿಟ್ಟಳು. ರಾಯರು ಕೂತು ಒಂದು ಕಪ್ಪು ಕಿಟಕಿ ತೆರೆದು, ಇದು ಬೇಡ, ಇದು ಬೇಡ ಎಂದು ಸೊಪ್ಪು ಸೋಸಿದ ಹಾಗೆ ಐದು ಸೇವೆಗಳನ್ನು ಕಿತ್ತರು. ಆಮೇಲೆ ನನ್ನ ಕಡೆ ತಿರುಗಿ ‘ಈಗ ಮೂರಕ್ಕೆ ಇಳಿದು ಐದಕ್ಕೆ ಹತ್ತೋಣ’ ಎಂದರು.

ನಾನು ಬಸ್ಸಿನ ರೂಟು ಹೇಳುತ್ತಿದ್ದಾರೆ ಎಂದುಕೊಂಡೆ. ಅದು ಗೊತ್ತಾಗಿ ರಾಯರು ಪಾಠ ಶುರುಮಾಡಿದರು. ಲಿನಕ್ಸಿನಲ್ಲಿ ಸೊನ್ನೆಯಿಂದ ಆರರವರೆಗೆ ಏಳು ರನ್‌ಲೆವೆಲ್, ಅಂದರೆ ಯಂತ್ರದ ಏಳು ಅವಸ್ಥೆ. ಯೂನಿಕ್ಸಿನ ಸಿಸ್ಟಮ್ ಫೈವ್ ಎಂಬ, 1983ರಲ್ಲಿ ಬಂದ ತಲೆಮಾರಿನಿಂದ ಇಳಿದುಬಂದ ಪದ್ಧತಿ.

‘ಸಪ್ತಲೋಕ ಅನ್ಕೊಳ್ಳಿ. ಸೊನ್ನೆ ಪಾತಾಳ, ಅಲ್ಲಿಗೆ ಹೋದ್ರೆ ಮೆಷೀನು ಆಫು. ಒಂದು ಸನ್ಯಾಸ: ಒಬ್ಬನೇ ಬಳಕೆದಾರ, ನೆಟ್‌ವರ್ಕ್ ಇಲ್ಲ, ನಂಟಿಲ್ಲ. ಎರಡು, ಮೂರು ಸಂಸಾರ, ಆದ್ರೆ ಬರೀ ಅಕ್ಷರ, ಚಿತ್ರ ಇಲ್ಲ. ನಾಲ್ಕು ಖಾಲಿ ಮನೆ, ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ. ಐದು ಸ್ವರ್ಗ: ಬಣ್ಣ, ಚಿತ್ರ, ಮೌಸು ಎಲ್ಲಾ ಅಲ್ಲಿ. ಆರು ಪುನರ್ಜನ್ಮ, ಅಂದ್ರೆ ರೀಬೂಟು.’

‘ಆರಕ್ಕೇ ಬಿಟ್ಟುಬಿಟ್ಟರೆ?’

‘ಅದೊಂದು ಮಾಡಬೇಡಿ. ಇನಿಟ್‌ಟ್ಯಾಬ್ ಕಡತದಲ್ಲೇ ಎಚ್ಚರಿಕೆ ಬರೆದಿಟ್ಟಿದಾರೆ. ಮಾಮೂಲಿ ಲೆವೆಲ್ ಅಂತ ಆರನ್ನ ಹಾಕಿದ್ರೆ ಹುಟ್ಟುತ್ತಲೇ ಸಾಯತ್ತೆ, ಸಾಯುತ್ತಲೇ ಹುಟ್ಟತ್ತೆ. ಮೋಕ್ಷವೇ ಇಲ್ಲ.’

ರನ್‌ಲೆವೆಲ್ ಎಂದು ಟೈಪಿಸಿ ಎಂಟರ್ ಒತ್ತಿದರೆ ಯಂತ್ರ ಎರಡು ಸಂಖ್ಯೆ ಹೇಳುತ್ತದೆ: ಒಂದು ಹಿಂದೆ ಇದ್ದ ಲೆವೆಲ್, ಇನ್ನೊಂದು ಈಗಿನದು. ‘ಹಿಂದಿನ ಜನ್ಮ, ಈ ಜನ್ಮ’ ಎಂದರು ರಾಯರು. ಒಂದೊಂದು ಲೆವೆಲ್ಲಿಗೂ ಒಂದೊಂದು ಪಟ್ಟಿಯಿದೆ. ಕೆ ಅಕ್ಷರದಿಂದ ಶುರುವಾಗುವ ಹೆಸರಿನವರನ್ನು ಮೊದಲು ಕೊಲ್ಲುವುದು, ಎಸ್ ಅಕ್ಷರದವರನ್ನು ಆಮೇಲೆ ಶುರು ಮಾಡುವುದು. ‘ಕೆ ಅಂದ್ರೆ ಕೊಲ್ಲು, ಎಸ್ ಅಂದ್ರೆ ಶುರು! ನಮ್ಮವರೇ ಯಾರೋ ಬರೆದ ಹಾಗಿಲ್ವಾ?’ ಎಂದು ಕಣ್ಣರಳಿಸಿದರು. ಕಾಫಿ ಇನ್ನೂ ಬಂದಿರಲಿಲ್ಲ. ಕೈ ಖಾಲಿಯಿತ್ತು. ಆ ಕೈಯಲ್ಲೇ ‘ಇನಿಟ್ 3’ ಎಂದು ಹೊಡೆದು ಎಂಟರ್ ಒತ್ತಿದರು.

ಪರದೆ ಕಪ್ಪಗಾಯಿತು. ಬಿಳಿ ಅಕ್ಷರಗಳು ಸಾಲುಸಾಲಾಗಿ ಓಡಿದವು. ನಿಲ್ಲಿಸುತ್ತಿದ್ದೇನೆ, ಓಕೆ. ನಿಲ್ಲಿಸುತ್ತಿದ್ದೇನೆ, ಓಕೆ. ಅಡುಗೆಮನೆಯಿಂದ ಲೋಟ ಹಿಡಿದು ಬಂದ ನನ್ನ ಹೆಂಡತಿ ಅದನ್ನು ನೋಡಿ ಬಾಗಿಲಲ್ಲೇ ನಿಂತಳು.

‘ರಾಯರೇ, ಪತ್ರಿಕೆ ಎಲ್ಲಿ?’

‘ಸೇವ್ ಮಾಡಿದ್ರಿ ತಾನೇ ಅಮ್ಮಾ?’

ಐದರಿಂದ ಮೂರಕ್ಕೆ ಇಳಿದರೆ ಚಿತ್ರಲೋಕ ಪೂರ್ತಿ ಮುಚ್ಚುತ್ತದೆ. ಅಲ್ಲಿ ತೆರೆದಿಟ್ಟ ಕಿಟಕಿಗಳೂ ಅದರ ಜೊತೆಗೇ ಹೋಗುತ್ತವೆ, ಉಳಿಸಲೇ ಬೇಡವೇ ಎಂದು ಯಾರೂ ಕೇಳುವುದಿಲ್ಲ. ಕುಲದೇವರಿಂದ ಆಗಮನಾಭಿಲಾಷಿಗಳವರೆಗಿನ ಸಮಸ್ತ ಬಂಧುಬಳಗವೂ ಹೀಗೆ ಒಂದು ಎಂಟರಿಗೆ ಲೀನವಾಗಿತ್ತು. ನನ್ನ ಹೆಂಡತಿ ಕಾಫಿ ಲೋಟವನ್ನು ಮೇಜಿನ ಮೇಲೆ ಇಟ್ಟಳು. ಇಟ್ಟಳು ಎಂದರೆ, ಸದ್ದು ಬರುವ ಹಾಗೆ ಇಟ್ಟಳು.

‘ಇರಲಿ, ಇನ್ನೊಮ್ಮೆ ಹೊಡೆದರಾಯ್ತು, ಈಗ ಮೆಷೀನು ಹೂವಿನ ಹಾಗೆ ಹಗುರ’ ಎಂದು ರಾಯರು ‘ಇನಿಟ್ 5’ ಕೊಟ್ಟರು. ನೀಲಿ ಪರದೆ ಬಂತು. ಹೆಸರು ಕೇಳುವ ಪೆಟ್ಟಿಗೆ ಬಂತು. ನಡುವೆ ಬಾಣದ ಗುರುತೂ ಬಂತು. ರಾಯರು ಮೌಸ್ ಅಲ್ಲಾಡಿಸಿದರು. ಬಾಣ ಅಲ್ಲಾಡಲಿಲ್ಲ. ಕೀಬೋರ್ಡ್ ಒತ್ತಿದರು. ಒಂದು ಚುಕ್ಕೆಯೂ ಮೂಡಲಿಲ್ಲ.

ಅಲ್ಲಿಂದ ಮುಂದಿನ ಮೂರು ಗಂಟೆ ಹೊತ್ತು ರಾಯರನ್ನು ಹತ್ತಿರದಿಂದ ನೋಡುವ ಭಾಗ್ಯ ನನ್ನದಾಯಿತು.

ಮೊದಲು ಮೌಸನ್ನು ತಲೆಕೆಳಗು ಮಾಡಿ ಹೊಟ್ಟೆ ನೋಡಿದರು. ಕೆಂಪು ದೀಪ ಉರಿಯುತ್ತಿತ್ತು. ‘ಜೀವ ಇದೆ’ ಎಂದರು. ಪಂಚೆಯ ಅಂಚಿನಿಂದ ಒರೆಸಿದರು, ಬಾಯಿಂದ ಊದಿದರು, ಕಿತ್ತು ಇನ್ನೊಂದು ಯುಎಸ್‌ಬಿ ತೂತಿಗೆ ಸಿಕ್ಕಿಸಿದರು. ಆಮೇಲೆ ನಮ್ ಲಾಕ್ ಒತ್ತಿದರು. ಆ ಗುಂಡಿಯ ದೀಪ ಹತ್ತಿ ಆರಬೇಕು. ಹತ್ತಲೂ ಇಲ್ಲ, ಆರಲೂ ಇಲ್ಲ. ಕೀಬೋರ್ಡು ಹಳೆಯ ಕಾಲದ ನೇರಳೆ ಪಿನ್ನಿನದು. ಅದನ್ನು ಎಳೆಯಲು ಬಂದ ಮಹಡಿ ಮನೆಯ ಹುಡುಗನಿಗೆ, ‘ಲೇ, ಓಡೋ ಮೆಷೀನಿಂದ ಅದನ್ನ ಕೀಳಬಾರದು, ಯುಎಸ್‌ಬಿ ಅಲ್ಲ ಅದು!’ ಎಂದು ಗದರಿ, ಅವನು ಹಿಂದೆ ಸರಿದ ಮೇಲೆ ತಾವೇ ಕಿತ್ತು ಹಾಕಿದರು.

ಮೂರನೆಯದು ಮುದ್ರೆಗಳ ಪರ್ವ. ಕಂಟ್ರೋಲ್, ಆಲ್ಟ್, ಎಫ್ ಒಂದು, ಮೂರನ್ನೂ ಒಟ್ಟಿಗೆ ಒತ್ತಿದರೆ ಚಿತ್ರದ ಹಿಂದಿರುವ ಅಕ್ಷರದ ಪರದೆ ಬರಬೇಕು. ಬರಲಿಲ್ಲ. ರಾಯರ ಹತ್ತೂ ಬೆರಳು ಬಗೆಬಗೆಯಾಗಿ ಹೆಣೆದುಕೊಂಡವು. ಭರತನಾಟ್ಯದವರು ಕಂಡಿದ್ದರೆ ಒಂದೆರಡು ಹೊಸ ಹಸ್ತ ಬರೆದುಕೊಳ್ಳುತ್ತಿದ್ದರು.

ಕೊನೆಗೆ ಬ್ರಹ್ಮಾಸ್ತ್ರ. ಆಲ್ಟ್ ಮತ್ತು ಸಿಸ್‌ರಿಕ್ ಗುಂಡಿ ಒತ್ತಿಕೊಂಡು ಆರ್, ಇ, ಐ, ಎಸ್, ಯು, ಬಿ ಎಂಬ ಆರು ಅಕ್ಷರಗಳನ್ನು ಒಂದೊಂದಾಗಿ ಒತ್ತುವುದು. ಇದು ಲಿನಕ್ಸಿನ ತಿರುಳಾದ ಕರ್ನಲ್ಲಿನ ಕಿವಿಗೆ ನೇರವಾಗಿ ಹೇಳುವ ಮಂತ್ರ. ಕೀಬೋರ್ಡನ್ನು ಚಿತ್ರಲೋಕದ ಹಿಡಿತದಿಂದ ಬಿಡಿಸು, ಎಲ್ಲರನ್ನೂ ಹೊರಡಲು ಹೇಳು, ಹೊರಡದವರನ್ನು ಮುಗಿಸು, ಬರೆಯಬೇಕಾದ್ದನ್ನು ಡಿಸ್ಕಿಗೆ ಬರೆ, ಡಿಸ್ಕಿಗೆ ಬೀಗ ಹಾಕು, ಮರುಹುಟ್ಟು ಪಡೆ. ಇಂಗ್ಲಿಷಿನವರು ಇದನ್ನು ನೆನಪಿಡಲು ಆನೆ ಸಾಕುವ ವಿಷಯವಾಗಿ ಏನೋ ವಾಕ್ಯ ಕಟ್ಟಿಕೊಂಡಿದ್ದಾರೆ. ನಮ್ಮ ರಾಯರದು ಸ್ವಂತ ಕೃಷಿ: ‘ರಾಯರು ಎದ್ದು ಇಡ್ಲಿ ಸಾಂಬಾರ್ ಉಂಡು ಬಂದರು.’ ಕಣ್ಣುಮುಚ್ಚಿ ಒಂದೊಂದೇ ಪದ ಉಚ್ಚರಿಸುತ್ತಾ ಒಂದೊಂದೇ ಅಕ್ಷರ ಒತ್ತಿದರು. ರಾಯರು ಎದ್ದರು, ಇಡ್ಲಿಯೂ ಮುಗಿಯಿತು. ಯಂತ್ರ ಮಾತ್ರ ಕದಲಲಿಲ್ಲ.

‘ಈ ಸೌಕರ್ಯಾನ ಇವರು ಮೊದಲೇ ಬಂದ್ ಮಾಡಿಟ್ಟಿರ್ತಾರೆ’ ಎಂದರು. ಅದೇನೋ ನಿಜವೇ. ಕೆಲವು ಲಿನಕ್ಸ್ ಬಗೆಗಳಲ್ಲಿ ಸಿಸ್‌ರಿಕ್ ಗುಂಡಿಯ ಬಾಯಿಗೆ ಮೊದಲಿಂದಲೇ ಬಟ್ಟೆ ತುರುಕಿರುತ್ತಾರೆ.

‘ರೀ, ಕೀಬೋರ್ಡೇ ಹೋಗಿರಬೇಕು’ ಎಂದಳು ನನ್ನ ಹೆಂಡತಿ. ರಾಯರು ಒಪ್ಪಿದರು. ಬೇರೆಯವರ ತಪ್ಪು ಊಹೆಯನ್ನು ಅವರು ಒಪ್ಪುವುದು ಬಹಳ ಅಪರೂಪ. ನಾನು ಎಸ್‌.ಪಿ. ರೋಡಿಗೆ ಹೋಗಿ, ಸ್ಕೂಟರ್ ನಿಲ್ಲಿಸಲು ಅರ್ಧ ಗಂಟೆ ಸುತ್ತಿ, 250 ರೂಪಾಯಿ ಕೊಟ್ಟು ಹೊಸ ಕೀಬೋರ್ಡ್ ತಂದೆ. ಹೊಸದೂ ಅಷ್ಟೇ ಮೌನಿಯಾಗಿತ್ತು.

ಅಷ್ಟರಲ್ಲಿ ಮಹಡಿ ಹುಡುಗ ತನ್ನ ಲ್ಯಾಪ್‌ಟಾಪ್ ತಂದಿದ್ದ. ‘ಅಂಕಲ್, ಎಸ್‌ಎಸ್‌ಎಚ್ ಮಾಡಿ ಇದರಿಂದ ಒಳಗೆ ಹೋಗೋಣ. ಕೀಬೋರ್ಡೇ ಬೇಕಾಗಲ್ಲ.’

ಅಂದಿನ ಇಡೀ ದಿನದಲ್ಲಿ ಕೇಳಿಬಂದ ಒಂದೇ ಬುದ್ಧಿವಂತಿಕೆಯ ಮಾತು ಅದು. ರಾಯರು ಗಡ್ಡ ಕೆರೆದುಕೊಂಡರು. ‘ಆಗಲ್ಲ ಮರಿ.’

‘ಯಾಕೆ?’

‘ಎಸ್‌ಎಸ್‌ಎಚ್ ಸೇವೆ ನಿಂತಿದೆ.’

‘ಯಾರು ನಿಲ್ಲಿಸಿದ್ದು?’

ರಾಯರು ಕಿಟಕಿಯ ಕಡೆ ನೋಡಿದರು. ‘ಆಗ ಕಿತ್ತ ಐದರಲ್ಲಿ ಅದೂ ಒಂದು.’

ಬಾವಿಗೆ ಇಳಿದವರು ಮೇಲೆ ನಿಂತವರಿಗೆ ಹೇಳಿ ಏಣಿ ತೆಗೆಸಿಕೊಂಡ ಹಾಗೆ ಆಗಿತ್ತು. ಏನು ಮಾಡುವುದೆಂದು ಗಂಡಸರು ಮೂವರು ಗಂಭೀರವಾಗಿ ಚರ್ಚಿಸುತ್ತಿದ್ದೆವು. ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಡಬ್ಬದ ಮುಂದಿನ ಪವರ್ ಗುಂಡಿಯನ್ನು ಒತ್ತಿ ಹಿಡಿದಳು. ನಾಲ್ಕೈದು ಸೆಕೆಂಡಿಗೆ ಫ್ಯಾನು ನಿಂತು ನಿಶ್ಶಬ್ದವಾಯಿತು. ‘ಇಷ್ಟೇ ತಾನೇ?’ ಎಂದು ಒಳಗೆ ಹೋದಳು. ರಾಯರು ‘ಅಯ್ಯೋ, ಫೈಲ್‌ಸಿಸ್ಟಮ್!’ ಎಂದು ಎದೆ ಹಿಡಿದುಕೊಂಡರು.

ಹಳೆಯ ಕೀಬೋರ್ಡನ್ನೇ ಸಿಕ್ಕಿಸಿ ಮತ್ತೆ ಆನ್ ಮಾಡಿದಾಗ ಗ್ರಬ್ ಎಂಬ ಆರಂಭದ ಪಟ್ಟಿ ಬಂತು. ಅಲ್ಲಿ ಕೀಬೋರ್ಡ್ ಕೆಲಸ ಮಾಡುತ್ತಿತ್ತು! ಬಾಣದ ಗುಂಡಿ ಒತ್ತಿದರೆ ಸಾಲು ಮೇಲೆ ಕೆಳಗೆ ಓಡುತ್ತಿತ್ತು. ಆಗ ನನ್ನಂಥ ದಡ್ಡನಿಗೂ ಹೊಳೆಯಿತು: ಕೀಬೋರ್ಡ್ ಸತ್ತಿಲ್ಲ. ಐದನೆಯ ಲೋಕದಲ್ಲಿ ಅದನ್ನು ಯಾರೂ ಗುರುತು ಹಿಡಿಯುತ್ತಿಲ್ಲ. 250 ರೂಪಾಯಿ ಸುಮ್ಮನೆ ಹೋಯಿತು.

ರಾಯರು ಕರ್ನಲ್ ಸಾಲಿನ ತುದಿಗೆ ಹೋಗಿ, ಒಂದು ಜಾಗ ಬಿಟ್ಟು 3 ಎಂದು ಬರೆದರು. ಯಂತ್ರ ನೇರವಾಗಿ ಅಕ್ಷರಲೋಕಕ್ಕೆ ಬಂದು ನಿಂತಿತು. ಅಲ್ಲಿ ಹಳೆಯ ಕೀಬೋರ್ಡು ಟಕಟಕ ಎಂದು ಹಾಡಿತು. ಚಿತ್ರಲೋಕದ ದಿನಚರಿ ಕಡತ ತೆಗೆದು ರಾಯರು ಕನ್ನಡಕ ಏರಿಸಿ ಓದಿದರು. ಓದುತ್ತಾ ಓದುತ್ತಾ ಅವರ ದನಿ ಇಳಿಯಿತು.

‘ಹಾಲ್ ನಿಂತಿದೆ.’

ಒಳಗಿನಿಂದ ನನ್ನ ಹೆಂಡತಿ ಕೂಗಿದಳು: ‘ಹಾಲು ಯಾಕೆ ನಿಲ್ಲತ್ತೆ ರಾಯರೇ? ಬೆಳಿಗ್ಗೆ ಒಂದು ಲೀಟರ್ ಹಾಕಿಸಿಕೊಂಡಿದೀನಲ್ಲ!’

‘ಹಾಲಲ್ಲಮ್ಮಾ, ಹಾಲ್! ಹಾಲ್ ಡೀಮನ್!’

ವಿಷಯ ಇಷ್ಟು. ಅಕ್ಷರಲೋಕದಲ್ಲಿ ಕೀಬೋರ್ಡಿನ ಮಾತನ್ನು ಕರ್ನಲ್ಲೇ ಕೇಳಿಸಿಕೊಳ್ಳುತ್ತದೆ, ಮಧ್ಯಸ್ಥರು ಬೇಕಿಲ್ಲ. ಚಿತ್ರಲೋಕವನ್ನು ಆಳುವ ಎಕ್ಸ್ ಸರ್ವರ್ ಹಾಗಲ್ಲ. ಹಿಂದೆ ಅದು ಮೌಸು, ಕೀಬೋರ್ಡುಗಳ ವಿವರವನ್ನು ತನ್ನ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. 2007ರಲ್ಲಿ ಬಂದ 1.4ನೆಯ ಆವೃತ್ತಿಯಿಂದ ‘ಯಾರ್ಯಾರು ಬಂದಿದ್ದಾರೆ?’ ಎಂದು ಹಾಲ್ ಎಂಬ ಸೇವಕನನ್ನು ಕೇಳುವ ಪದ್ಧತಿ ಬಂತು. ಮದುವೆಮನೆಯ ಬಾಗಿಲಲ್ಲಿ ನಿಂತು, ಇವರು ಹುಡುಗನ ಸೋದರಮಾವ, ಇವರು ಹುಡುಗಿಯ ಅತ್ತೆ ಎಂದು ಪರಿಚಯ ಹೇಳುವ ಹಿರಿಯರಿರುತ್ತಾರಲ್ಲ, ಅದೇ ಕೆಲಸ. ಆ ಹಿರಿಯರನ್ನು ಖರ್ಚಿಗೆ ದಂಡ ಎಂದು ಮನೆಗೆ ಕಳಿಸಿದರೆ, ಸೋದರಮಾವ ಎದುರಿಗೇ ನಿಂತಿದ್ದರೂ ಒಳಗೆ ಕರೆಯುವವರಿರುವುದಿಲ್ಲ. ಎಕ್ಸ್ ಸರ್ವರಿನ ದಿನಚರಿಯಲ್ಲಿ ಅದನ್ನೇ ಬರೆದಿತ್ತು: ಇನ್‌ಪುಟ್ ಸಾಧನಗಳ ಪಟ್ಟಿಗಾಗಿ ನಾನು ಹಾಲ್‌ನನ್ನು ನಂಬಿದ್ದೇನೆ.

ರಾಯರು ಪಟ್ಟಿಯಿಂದ ಹೆಸರು ತೆಗೆದ ಕೂಡಲೇ ಸೇವೆ ನಿಂತಿರಲಿಲ್ಲ. ಪಟ್ಟಿಯ ಮಾತು ಜಾರಿಗೆ ಬರುವುದು ಲೆವೆಲ್ ಬದಲಿಸಿದಾಗ. ಮೂರಕ್ಕೆ ಇಳಿಯುವಾಗ ‘ಕೊಲ್ಲು’ ಪಟ್ಟಿಯಲ್ಲಿ ಹಾಲ್ ಹೋದ. ಐದಕ್ಕೆ ಹತ್ತುವಾಗ ‘ಶುರು’ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

‘ಹಾಗಾದರೆ ಹಾಲ್‌ನ ನಿಲ್ಲಿಸಿದ್ದು...’ ಎಂದೆ.

‘ನಿಲ್ಲಿಸಲ್ಪಟ್ಟಿದೆ’ ಎಂದರು ರಾಯರು.

ಅವರ ವ್ಯಾಕರಣದ ಗುಟ್ಟು ನನಗೆ ಆಗ ತಿಳಿಯಿತು. ಕೆಲಸ ಸರಿಹೋದರೆ ರಾಯರದು ಕರ್ತರಿ ಪ್ರಯೋಗ: ನಾನು ಮಾಡಿದೆ, ನಾನು ಕೂರಿಸಿದೆ, ನಾನು ಎಬ್ಬಿಸಿದೆ. ಕೈಕೊಟ್ಟರೆ ಕರ್ಮಣಿ ಪ್ರಯೋಗ: ನಿಲ್ಲಿಸಲ್ಪಟ್ಟಿದೆ, ಅಳಿಸಲ್ಪಟ್ಟಿದೆ, ಬದಲಿಸಲ್ಪಟ್ಟಿದೆ. ಕನ್ನಡದಲ್ಲಿ ಕರ್ಮಣಿ ಪ್ರಯೋಗ ಬಳಕೆ ತಪ್ಪಿತೆಂದು ಕೊರಗುವ ಪಂಡಿತರು ಒಮ್ಮೆ ನಮ್ಮ ಬೀದಿಗೆ ಬರಬೇಕು.

ಒಂದು ಸಾಲಿನ ಆಜ್ಞೆಯಿಂದ ಹಾಲ್‌ಗೆ ಮರುನೇಮಕವಾಯಿತು. ಐದಕ್ಕೆ ಹತ್ತಿದೆವು. ಬಾಣ ಓಡಿತು, ಚುಕ್ಕೆ ಮೂಡಿತು. ‘ನೋಡಿ, ಸರಿ ಮಾಡಿದೆ!’ ಎಂದರು ರಾಯರು. ಕರ್ತರಿ ಪ್ರಯೋಗ ವಾಪಸು ಬಂದಿತ್ತು. ಹಗುರ ಮಾಡುವ ಕೆಲಸದಿಂದ ಎಷ್ಟು ಮೆಮೊರಿ ಉಳಿಯಿತೆಂದು ಹುಡುಗ ಕೇಳಿದ. ರಾಯರು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ.

ಗಂಟೆ ನಾಲ್ಕೂವರೆ. ನನ್ನ ಹೆಂಡತಿ ಅಷ್ಟರಲ್ಲಿ ಬಿಳಿ ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ ಪತ್ರಿಕೆ ಬರೆದು ಮುಗಿಸಿದ್ದಳು. ಆಗಮನಾಭಿಲಾಷಿಗಳೆಲ್ಲ ತಂತಮ್ಮ ಜಾಗದಲ್ಲಿದ್ದರು.

ಅದೇ ಹೊತ್ತಿಗೆ ರಾಯರ ಮನೆಯವರು ಅವರನ್ನು ಹುಡುಕಿಕೊಂಡು ಬಂದರು. ಮಧ್ಯಾಹ್ನದ ಊಟಕ್ಕೆ ಮೂರು ಸಲ ಫೋನು ಮಾಡಿದ್ದರಂತೆ. ನಡೆದದ್ದನ್ನೆಲ್ಲ ನನ್ನ ಹೆಂಡತಿ ವರದಿ ಮಾಡಿದಳು: ಪರದೆ ಚೆನ್ನಾಗಿ ಕಾಣತ್ತೆ, ಬಣ್ಣ ಇದೆ, ಬಾಣ ಇದೆ, ಆದರೆ ನಾವು ಏನು ಒತ್ತಿದರೂ ಅದಕ್ಕೆ ಕೇಳಿಸೋದೇ ಇಲ್ಲ.

ಆಕೆ ಗಂಡನ ಕಡೆ ಒಮ್ಮೆ ನೋಡಿ, ‘ನಮ್ಮನೇಲಿ ಮೂವತ್ತೈದು ವರ್ಷದಿಂದ ಹಾಗೇ ಇದೆ ಕಣಮ್ಮ. ಯಾವ ಗುಂಡಿ ಒತ್ತಿದ್ರೂ ಅಷ್ಟೇ’ ಎಂದರು. ಆಮೇಲೆ ಚೀಲ ಎತ್ತಿಕೊಂಡು, ‘ಏಳಿ, ಯಾವ ಲೆವೆಲ್ಲಲ್ಲಿದೀರಿ? ಸಾರು ಆರಿಹೋಯ್ತು’ ಎಂದರು. ರಾಯರು ಐದರಿಂದ ಸೊನ್ನೆಗೆ ಇಳಿದವರಂತೆ ಮಾತಿಲ್ಲದೆ ಎದ್ದು ನಡೆದರು. ನಾಮಕರಣ ಆದದ್ದು ಆ ಗಳಿಗೆಯಲ್ಲಿ. ಸಂಜೆಯೊಳಗೆ ಹೆಸರು ಮಹಡಿ ಹುಡುಗನ ಮೂಲಕ ಬೀದಿಗೆಲ್ಲ ಹಬ್ಬಿತು.

ಆಮೇಲೆ ಲೋಕ ಬದಲಾಯಿತು. 2010ರಲ್ಲಿ ಬಂದ ಎಕ್ಸ್ ಸರ್ವರಿನ 1.8ನೆಯ ಆವೃತ್ತಿ ಹಾಲ್‌ನನ್ನು ಬಿಟ್ಟು ಯುಡೆವ್ ಎಂಬುವನನ್ನೇ ನೇರವಾಗಿ ಕೇಳತೊಡಗಿತು. ಅದೇ ವರ್ಷ ಸಿಸ್ಟಮ್‌ಡಿ ಎಂಬ ಹೊಸ ಯಜಮಾನ ಕಾಣಿಸಿಕೊಂಡ. 2015ರ ಹೊತ್ತಿಗೆ ಹೆಸರಾಂತ ಲಿನಕ್ಸ್‌ಗಳಲ್ಲಿ ಹೆಚ್ಚಿನವು ಅವನ ಕೈಕೆಳಗೆ ಬಂದವು. ಸಂಖ್ಯೆಗಳು ಹೋಗಿ ಹೆಸರುಗಳು ಬಂದವು: ಮೂರು ಹೋಗಿ ಮಲ್ಟಿ ಯೂಸರ್ ಟಾರ್ಗೆಟ್, ಐದು ಹೋಗಿ ಗ್ರಾಫಿಕಲ್ ಟಾರ್ಗೆಟ್. 1957ರಲ್ಲಿ ಹೊಸ ಪೈಸೆ ಬಂದ ಮೇಲೂ ನಾಲ್ಕಾಣೆ ಎಂಟಾಣೆ ಬಿಡದ ಅಜ್ಜಂದಿರ ಹಾಗೆ ರಾಯರು ಇವತ್ತಿಗೂ ‘ಮೂರಕ್ಕಿಳಿ, ಐದಕ್ಕೆ ಹತ್ತು’ ಎಂದೇ ಹೇಳುತ್ತಾರೆ. ಹೊಸ ಪದ್ಧತಿಯಲ್ಲಿ ಒಂದು ಅವಸ್ಥೆಯಿಂದ ಇನ್ನೊಂದಕ್ಕೆ ಹೋಗುವ ಆಜ್ಞೆಗೆ ‘ಐಸೊಲೇಟ್’ ಎಂದು ಹೆಸರು. ಆ ಟಾರ್ಗೆಟ್ಟಿಗೆ ಬೇಡವಾದವರನ್ನೆಲ್ಲ ಅದು ನಿಲ್ಲಿಸುತ್ತದೆ. 2020ರಲ್ಲಿ ಊರಿಗೆ ಊರೇ ಆ ಪದ ಕಲಿತಾಗ, ‘ನಾನು ಎಷ್ಟೋ ವರ್ಷದಿಂದ ಐಸೊಲೇಟ್ ಮಾಡ್ತಾನೇ ಇದೀನಲ್ರೀ’ ಎಂದು ರಾಯರು ಗೇಟಿನ ಆಚೆಯಿಂದ ಹೆಮ್ಮೆಪಟ್ಟರು.

ಅವರಿಂದ ನಾನು ಕಲಿತದ್ದು ಮೂರು ಮಾತು. ಲೆವೆಲ್ ಬದಲಿಸಿದ ಮೇಲೆ ಕೀಬೋರ್ಡ್ ಸುಮ್ಮನಾದರೆ ಎಸ್‌.ಪಿ. ರೋಡಿಗೆ ಓಡಬೇಡಿ. ಆರಂಭದ ಪಟ್ಟಿಯಲ್ಲಿ ಅದು ಮಾತಾಡುತ್ತದೆಯೇ ನೋಡಿ. ಮಾತಾಡಿದರೆ ದೋಷ ಕೀಬೋರ್ಡಿನದಲ್ಲ, ಪರಿಚಯ ಹೇಳುವವನದು. ಎರಡನೆಯದು, ಸುಮ್ಮನೆ ಕೂತಂತೆ ಕಾಣುವ ಯಾರನ್ನೂ, ಅವರನ್ನು ನಂಬಿಕೊಂಡವರು ಯಾರೆಂದು ವಿಚಾರಿಸದೆ ತೆಗೆಯಬೇಡಿ. ಮೂರನೆಯದು, ಇಳಿಯುವ ಮೊದಲು ಇನ್ನೊಂದು ಬಾಗಿಲು ತೆರೆದಿದೆಯೇ ನೋಡಿಕೊಳ್ಳಿ.

ನಿಮ್ಮ ಬೀದಿಯಲ್ಲೂ ಇಂಥ ಒಬ್ಬ ರಾಯರು ಇದ್ದೇ ಇರುತ್ತಾರೆ. ದುಡ್ಡು ಕೇಳುವುದಿಲ್ಲ, ಕರೆದರೆ ಬರುತ್ತಾರೆ, ಕರೆಯದಿದ್ದರೂ ಬರುತ್ತಾರೆ. ಬೇಡ ಎನ್ನಬೇಡಿ, ಕಾಫಿ ಕೊಟ್ಟು ಕೂರಿಸಿ. ಆದರೆ ಅವರು ಚಪ್ಪಲಿ ಬಿಡುವ ಸದ್ದು ಕೇಳಿಸಿದ ಕೂಡಲೇ ಮೊದಲು ಕಡತ ಉಳಿಸಿ. ಆಮೇಲೆ, ಮನೆಯಲ್ಲಿ ಹಾಲು ನಿಂತಿಲ್ಲ ತಾನೇ ಎಂದು ಒಮ್ಮೆ ನೋಡಿಕೊಳ್ಳಿ.